ನೂರು ಪರ್ಸೆಂಟ್ ಡಿಸ್ಕೌಂಟ್

ಗೃಹಪ್ರವೇಶ ಮುಗಿದ ಮಾರನೇ ದಿನ ನನಗೊಂದು ಬಿಲ್ ಬಂತು. ಶಾಮಿಯಾನದವರದ್ದಲ್ಲ, ಅಡುಗೆಯವರದ್ದೂ ಅಲ್ಲ. ಆಮಂತ್ರಣ ಪತ್ರಿಕೆಗೆ ಚಿತ್ರ ಬರೆದುಕೊಟ್ಟ ಗೆಳೆಯನದ್ದು. ಊರಿನ ಹಳೇ ಮನೆಯ ಜಗುಲಿಯಿಂದ ಹೊಸ ಫ್ಲಾಟಿನ ಬಾಲ್ಕನಿವರೆಗೂ ಒಂದೇ ಗೆರೆ ಎಳೆದುಕೊಂಡು ಹೋದ ಚಿತ್ರ ಅದು. ಪಿಡಿಎಫ್‌ನಲ್ಲಿ ನೀಟಾಗಿ ಟೈಪ್ ಮಾಡಿದ್ದ: ಚಿತ್ರ ಒಂದಕ್ಕೆ 12,000 ರೂಪಾಯಿ. ಎರಡು ತಿದ್ದುಪಡಿ ಅದರಲ್ಲೇ ಸೇರಿದೆ. ಮೂರನೆಯದು, ನಾಲ್ಕನೆಯದು ಸೇರಿ 2,000. ಕೆಳಗೆ, ಸ್ನೇಹಕ್ಕೆ ನೂರು ಪರ್ಸೆಂಟ್ ಡಿಸ್ಕೌಂಟ್. ಕೊಡಬೇಕಾದ ಮೊತ್ತ: 0.

ನಗು ಬರಲಿಲ್ಲ, ಸಿಟ್ಟು ಬಂತು. ದುಡ್ಡು ಬೇಡ ಅಂದಮೇಲೆ ಲೆಕ್ಕ ಯಾಕೆ ಕಳಿಸಬೇಕು? ಒಂದೇ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ವರ್ಷ ಇದ್ದವರು ನಾವು. ಆಗ ಅರ್ಧ ಕ್ಲಾಸಿನ ಲ್ಯಾಬ್ ರೆಕಾರ್ಡಿನ ಡಯಾಗ್ರಾಂ ಬರೆದುಕೊಡ್ತಿದ್ದವನು ಇವನೇ. ರೇಟು ಒಂದು ಮಸಾಲೆ ದೋಸೆ. ಬಿಇ ಮುಗಿಸಿ, ಮೂರು ವರ್ಷ ಕೋಡ್ ಬರೆದು, ಕೆಲಸ ಬಿಟ್ಟು ಚಿತ್ರಕ್ಕೆ ಕೂತ. ಆವಾಗ 'ಭೇಷ್' ಅಂದವನು ನಾನೊಬ್ಬನೇ ಅನ್ನೋ ಹೆಮ್ಮೆ ಬೇರೆ ನನಗಿತ್ತು.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಈಚೆಗೆ ಇವನು ಬಾಯಿಬಡುಕ ಆಗಿದಾನೆ ಅನ್ನಿಸ್ತಿತ್ತು. ದಿನಾ ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟು, 'ಈ ತಿಂಗಳು ಎರಡು ಕೆಲಸಕ್ಕೆ ಜಾಗ ಇದೆ' ಅಂತ ಲಿಂಕ್ಡ್‌ಇನ್‌ನಲ್ಲಿ ಘೋಷಣೆ. ಜನವರಿಯಲ್ಲಿ ಚಿತ್ರಸಂತೆ ಬಂದರೆ ಕುಮಾರಕೃಪಾ ರಸ್ತೆಯಲ್ಲಿ ಪ್ರಿಂಟುಗಳನ್ನ ಹರವಿಕೊಂಡು, ಫೋಟೋ ಹೊಡ್ಕೊಂಡು ಹೋಗೋರಿಗೂ ಕಾರ್ಡ್ ಹಂಚೋದು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಬಸವಣ್ಣನವರ ವಚನ ನಿಮಗೂ ಗೊತ್ತು. ಕಳ್ಳತನ, ಕೊಲೆ, ಸುಳ್ಳಿನ ಸಾಲಿನಲ್ಲೇ ತನ್ನನ್ನು ತಾನು ಹೊಗಳಿಕೊಳ್ಳೋದೂ ಬರುತ್ತೆ. ನಮ್ಮನೇಲಿ ಮೊದಲ ಮೂರಕ್ಕಿಂತ ಇದಕ್ಕೇ ಹೆಚ್ಚು ಬೈಗುಳ ಬೀಳ್ತಿತ್ತು. ಕಳ್ಳತನಕ್ಕೆ ಅಷ್ಟೊಂದು ಅವಕಾಶವೂ ಇರಲಿಲ್ಲ ಅನ್ನಿ.

ಆ ಬಿಲ್ ಬಂದ ವಾರವೇ ಆಫೀಸಿನಲ್ಲಿ ಅಪ್ರೈಸಲ್. ನಾನು ಫಾರಂ ತುಂಬ್ತಾ ಕೂತಿದ್ದೆ. 'ನಿಮ್ಮ ಮುಖ್ಯ ಸಾಧನೆಗಳು' ಅನ್ನೋ ಕಾಲಂನಲ್ಲಿ ನಾಲ್ಕು ಜನ ಸೇರಿ ಮಾಡಿದ ಕೆಲಸವನ್ನ 'ನಾನು ಮುನ್ನಡೆಸಿದೆ' ಅಂತ ಬರೆದೆ. ಕೈ ನಡುಗಲಿಲ್ಲ. ಇದು ವರ್ಷಕ್ಕೆ ಒಂದೇ ಸಲ. ಉಳಿದ ದಿನ ನನ್ನನ್ನು ಹೊಗಳೋಕೆ ಅಂತಲೇ ಸೇಲ್ಸ್‌ನವರು ಇದಾರೆ. ಕ್ಲೈಂಟಿಗೆ ಕಳಿಸೋ ಸ್ಲೈಡಿನಲ್ಲಿ ನಾನು 'ಪರಿಣತ'. ನನ್ನ ಒಂದೊಂದು ಗಂಟೆಗೂ ಡಾಲರ್ ಲೆಕ್ಕದ ರೇಟ್ ಕಾರ್ಡ್ ಇದೆ. ಆ ದುಡ್ಡು ತಡವಾದರೆ ಬೆನ್ನುಹತ್ತಿ ವಸೂಲಿ ಮಾಡೋಕೆ ಇನ್ನೊಂದು ಡಿಪಾರ್ಟ್‌ಮೆಂಟು. ಅಷ್ಟೂ ಜನ ನನ್ನ ಪರವಾಗಿ ಬಾಯಿಬಡುಕರಾಗಿ ದುಡೀತಿರೋವಾಗ ನಾನು ವಿನಯವಂತನಾಗಿರೋದು ಏನು ಮಹಾ? ಗೆಳೆಯನಿಗೆ ಆ ಡಿಪಾರ್ಟ್‌ಮೆಂಟುಗಳಿಲ್ಲ. ಎಲ್ಲವನ್ನೂ ತನ್ನ ಒಂದೇ ಬಾಯಲ್ಲಿ ಮಾಡಬೇಕು. ಅಷ್ಟಾಗಿ, ಅವನು ಎಲ್ಲೂ 'ನಾನು ಚೆನ್ನಾಗಿ ಬರೀತೀನಿ' ಅಂದಿದ್ದು ನನಗೆ ನೆನಪಿಲ್ಲ. ಬರೆದದ್ದನ್ನ ತೋರಿಸ್ತಾನೆ, ರೇಟು ಹೇಳ್ತಾನೆ. ಹೊಗಳಿಕೊಂಡಿದ್ದು ನಾನು, ಅದೂ ಬೇರೆಯವರ ಕೆಲಸಕ್ಕೆ.

ಒಳ್ಳೇ ಕೆಲಸ ತಾನೇ ಮಾತಾಡುತ್ತೆ ಅಂತ ಹಿರಿಯರು ಹೇಳ್ತಿದ್ರಲ್ಲ, ಅದು ಸುಳ್ಳಲ್ಲ. ಅವರ ಊರಿನಲ್ಲಿ ಮಾತಾಡ್ತಿತ್ತು. ಅಜ್ಜನ ಕಾಲದಲ್ಲಿ ಸುಗ್ಗಿ ಮುಗಿದು ರಾಗಿ ರಾಶಿಯಾದ ಮೇಲೆ ಬಡಗಿ, ಕಮ್ಮಾರ, ಕ್ಷೌರಿಕ ಎಲ್ಲಾ ಕಣಕ್ಕೆ ಬರ್ತಿದ್ರು, ವರ್ಷದ ಕೆಲಸಕ್ಕೆ ಅವರವರ ಆಯ ಅಳೆದುಕೊಡೋರು. ನಾನು ಹುಡುಗ ಆಗಿದ್ದಾಗ ಅದರ ಬಾಲ ಮಾತ್ರ ಉಳಿದಿತ್ತು. ಬಡಗಿ ತನ್ನ ನೇಗಿಲು ಎಷ್ಟು ಗಟ್ಟಿ ಅಂತ ಯಾರಿಗೂ ಸಾರಬೇಕಿರಲಿಲ್ಲ. ಇಡೀ ಊರಿಗೆ ಅವನೊಬ್ಬನೇ. ನನಗೆ ಈ ಚಿತ್ರ ಬಹಳ ದಿನ ಚೆಂದ ಕಾಣ್ತಿತ್ತು. ಆದರೆ ಆ ಬಡಗಿ 'ಈ ವರ್ಷ ನಿಮ್ಮ ನೇಗಿಲು ಮಾಡಲ್ಲ' ಅನ್ನೋ ಹಾಗಿರಲಿಲ್ಲ. ಅವನ ಮಗ ಬೇರೇನೋ ಆಗ್ತೀನಿ ಅನ್ನೋ ಹಾಗೂ ಇರಲಿಲ್ಲ. ಆಯ ಎಷ್ಟು ಅನ್ನೋದನ್ನ ಅಳೀತಿದ್ದದ್ದು ನಮ್ಮಜ್ಜನ ಕೈ. ರೇಟು ಹೇಳಬಾರದು ಅನ್ನೋ ಸಂಸ್ಕಾರ ಯಾರಿಗೆ ಅನುಕೂಲವಾಗಿತ್ತು ಅಂತ ಯೋಚಿಸಿದರೆ, ನಾನು ಕೂತಿದ್ದ ಕಡೆ ಯಾವುದು ಅಂತ ಗೊತ್ತಾಗುತ್ತೆ.

'ಎರಡು ರಾತ್ರಿ ಕೆಲಸಕ್ಕೆ ಹನ್ನೆರಡು ಸಾವಿರವಾ?' ಅಂತಲೂ ಒಳಗೊಂದು ಪ್ರಶ್ನೆ ಇತ್ತು. ಚಿತ್ರಗಾರರೆಲ್ಲ ಇದಕ್ಕೆ ಒಂದು ಕತೆ ಹೇಳ್ತಾರೆ. 1878ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ವಿಸ್ಲರ್ ಅನ್ನೋ ಚಿತ್ರಕಾರನಿಗೆ ಎದುರು ಕಡೆ ವಕೀಲರು ಕೇಳಿದ್ರಂತೆ, ಎರಡು ದಿನದ ಕೆಲಸಕ್ಕೆ 200 ಗಿನಿ ಕೇಳ್ತೀರಾ ಅಂತ. ಇಲ್ಲ, ಇಡೀ ಜೀವಮಾನ ಕಲಿತದ್ದಕ್ಕೆ ಕೇಳ್ತೀನಿ ಅಂದನಂತೆ. ಈ ಕತೆ ಹಂಚೋರು ಇಲ್ಲಿಗೇ ನಿಲ್ಲಿಸ್ತಾರೆ. ವಿಮರ್ಶಕ ರಸ್ಕಿನ್ ಮೇಲೆ ಹೂಡಿದ್ದ ಆ ಕೇಸನ್ನ ವಿಸ್ಲರ್ ಗೆದ್ದ. ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ. ಮರುವರ್ಷ ದಿವಾಳಿಯಾದ. ನ್ಯಾಯ ನಿನ್ನ ಕಡೆ ಇದೆ ಅಂತ ಚಪ್ಪಾಳೆ ತಟ್ಟೋರು ಬಾಡಿಗೆ ಕಟ್ಟಲ್ಲ. ನಾನೂ 'ಭೇಷ್' ಅಂದಿದ್ದೆ, ಅಷ್ಟೆ. 'ನಿನ್ನ ಪೋರ್ಟ್‌ಫೋಲಿಯೋಗೂ ಆಗುತ್ತೆ' ಅಂತ ಕೂಡ ಅಂದಿದ್ದೆ, ಗೃಹಪ್ರವೇಶದ ಕಾರ್ಡ್ ಕೊಟ್ಟು ಯಾರಿಗೆ ಕೆಲಸ ಸಿಗುತ್ತೋ ನಾ ಕಾಣೆ.

ಆ ಬಿಲ್ಲಿಗೆ ನಾನು ಉತ್ತರ ಬರೆಯಲಿಲ್ಲ. ಅವನೂ ಕೇಳಲಿಲ್ಲ. ಹೋದ ತಿಂಗಳು ಮಗಳಿಗೆ ಗೋಡೆ ಮೇಲೆ ಹಾಕೋಕೆ ಒಂದು ಅಕ್ಷರಮಾಲೆ ಬೇಕಿತ್ತು. ಈ ಸಲ ಮೊದಲೇ ರೇಟು ಕೇಳಿದೆ. 18,000, ಅರ್ಧ ಅಡ್ವಾನ್ಸ್, ಎರಡು ತಿದ್ದುಪಡಿ ಅಂದ. 'ಸ್ವಲ್ಪ ನೋಡಿ ಹೇಳೋ' ಅಂತ ಟೈಪ್ ಮಾಡಿ ಅಳಿಸಿದೆ. ವಾಟ್ಸಾಪ್‌ನಲ್ಲಿ ನಾನು ಟೈಪ್ ಮಾಡ್ತಿರೋದು ಅವನಿಗೆ ಕಂಡಿರುತ್ತೆ. 9,000 ಕಳಿಸಿದೆ.

ಚಿತ್ರ ಚೆನ್ನಾಗಿ ಬಂದಿದೆ. ಮೊದಲ ತಿದ್ದುಪಡಿ ನಾನು ಬಳಸಿಕೊಂಡೆ, ಎರಡನೆಯದು ಹೆಂಡತಿ. ಈಗ ಊರಿಂದ ಬಂದಿರೋ ಅಪ್ಪ ಕನ್ನಡಕ ಹಾಕ್ಕೊಂಡು ನೋಡಿ, 'ಎ' ಅಕ್ಷರದ ಪಕ್ಕ ನಿಂತಿರೋ ಎತ್ತಿನ ಕೊಂಬು ಹಳ್ಳಿಕಾರ್ ತಳಿಯದಲ್ಲವೇ ಅಲ್ಲ, ತಿದ್ದಿಸು ಅಂತಿದಾರೆ. ಮೂರನೆಯದಕ್ಕೆ ಎಷ್ಟಾಗುತ್ತೆ ಅಂತ ಕೇಳಿ ಮೆಸೇಜ್ ಹಾಕಿದೀನಿ. ಇನ್ನೂ ಉತ್ತರ ಬಂದಿಲ್ಲ.