*ಇಂದಿನ ಧಮ್ಮ ಚಿಂತನೆ: ಅಳಿಲು ಮರಿಯ ಆರೈಕೆ*





ಸುತ್ತಗಳನ್ನು ಓದುವಾಗ ಒಂದು ಜಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ರಾಜಗೃಹದ ವೇಳುವನ, ಕಲಂದಕನಿವಾಪ. ವೇಳುವನ ಎಂದರೆ ಬಿದಿರಿನ ತೋಪು, ಬಿಂಬಿಸಾರ ಮಹಾರಾಜನು ಭಗವಾನ್ ಬುದ್ಧರಿಗೂ ಸಂಘಕ್ಕೂ ದಾನವಾಗಿ ಕೊಟ್ಟದ್ದು. ಕಲಂದಕನಿವಾಪ ಎಂದರೆ ಅಳಿಲುಗಳಿಗೆ ಆಹಾರ ಹಾಕುವ ಜಾಗ. ಹಿಂದೊಬ್ಬ ರಾಜ ಅಲ್ಲಿ ಮಲಗಿದ್ದಾಗ ಹಾವು ಬಂದಿತು, ಅಳಿಲಿನ ಕೂಗು ಅವನನ್ನು ಎಬ್ಬಿಸಿ ಉಳಿಸಿತು, ಆ ಉಪಕಾರಕ್ಕೆ ಅವನು ಅಳಿಲುಗಳಿಗೆ ಆಹಾರದ ಏರ್ಪಾಡು ಮಾಡಿದ ಎಂದು ಅಟ್ಠಕಥೆ ಹೇಳುತ್ತದೆ. ಸಂಘಕ್ಕೆ ದೊರೆತ ಮೊದಲ ಆರಾಮವೇ ಅಳಿಲುಗಳ ಜೊತೆ ಹಂಚಿಕೊಂಡ ಜಾಗ.

ಇದು ನೆನಪಾದದ್ದು ನಮ್ಮ ಗುಂಪಿನ ಒಬ್ಬ ಉಪಾಸಿಕೆ ಕೇಳಿದ ಪ್ರಶ್ನೆಯಿಂದ. ಗಾಳಿಮಳೆಗೆ ತೆಂಗಿನ ಗರಿಯ ಜೊತೆ ಅಳಿಲಿನ ಗೂಡು ಕೆಳಗೆ ಬಿತ್ತು. ಮೂರು ಮರಿ, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ತಾಯಿ ಬರಲಿಲ್ಲ. ಅವರು ತಂದು ಸಾಕಿದರು. ನಾಲ್ಕನೇ ದಿನ ಒಂದು ಮರಿ ಹೋಯಿತು. ಅಕ್ಕಪಕ್ಕದವರು "ಅದರ ಕರ್ಮ, ಅಷ್ಟೇ ಆಯಸ್ಸು" ಅಂದರಂತೆ. "ಇದು ಸರಿಯೇ? ಉಳಿದ ಎರಡಕ್ಕೆ ನಾನೇನು ಮಾಡಲಿ?" ಎಂಬುದು ಅವರ ಪ್ರಶ್ನೆ.

*ಎಲ್ಲವೂ ಕರ್ಮವೇ?*

ಇಂಥದ್ದೇ ಪ್ರಶ್ನೆಯನ್ನು ಸೀವಕ ಎಂಬ ಪರಿವ್ರಾಜಕ ಭಗವಾನರಿಗೆ ಕೇಳಿದ್ದ. ಕೇಳಿದ್ದೂ ಅದೇ ಅಳಿಲುಗಳ ತೋಪಿನಲ್ಲಿ. ಮನುಷ್ಯನು ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ ಕರ್ಮದಿಂದಲೇ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು. ಭಗವಾನರು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಸೇರಿದ್ದು, ಋತುವಿನ ಬದಲಾವಣೆ, ಸರಿಯಿಲ್ಲದ ಆರೈಕೆ, ಹೊರಗಿನ ಪೆಟ್ಟು, ಕರ್ಮವಿಪಾಕ ಎಂದು 8 ಕಾರಣಗಳನ್ನು ಎಣಿಸಿದರು. ಅದರಲ್ಲಿ ಕರ್ಮ ಒಂದು ಮಾತ್ರ.

ಹಾಗಾಗಿ "ಅದರ ಕರ್ಮ" ಎಂದು ಕೈ ತೊಳೆದುಕೊಳ್ಳುವುದು ಧಮ್ಮವಲ್ಲ, ನೋಡುವ ಕೆಲಸವನ್ನು ಬಿಟ್ಟುಬಿಡುವುದು. "ಎಲ್ಲ ನನ್ನದೇ ತಪ್ಪು" ಎಂದು ಕೊರಗುವುದೂ ನೋಡುವುದಲ್ಲ. ಆ ಮರಿ ಯಾಕೆ ಹೋಯಿತೆಂದು ಇಲ್ಲಿ ಕುಳಿತು ಹೇಳಲಾಗದು. ಬೀಳುವಾಗ ಒಳಪೆಟ್ಟು ಆಗಿರಬಹುದು, ಮಳೆಯ ಚಳಿ ಹೊಡೆದಿರಬಹುದು. ಉಳಿದ ಎರಡರ ಕಾರಣಗಳು ಮಾತ್ರ ಇವತ್ತೂ ನಮ್ಮ ಕಣ್ಣೆದುರಿಗೇ ಇವೆ.

*ಪಥ್ಯ ಅಪಥ್ಯ ತಿಳಿಯುವುದು*

ಭೇದಿಯಿಂದ ನರಳುತ್ತಾ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಖುವನ್ನು ಭಗವಾನರು ಆನಂದರ ಜೊತೆ ಸೇರಿ ತಮ್ಮ ಕೈಯಾರೆ ತೊಳೆದ ಪ್ರಸಂಗ ನಿಮಗೆ ಗೊತ್ತು. ಆ ಸಂದರ್ಭದಲ್ಲೇ ಒಳ್ಳೆಯ ಶುಶ್ರೂಷಕನ 5 ಗುಣಗಳನ್ನು ವಿನಯದಲ್ಲಿ ಹೇಳಿದೆ. ಔಷಧ ಸಿದ್ಧಪಡಿಸಲು ಬರಬೇಕು. ಯಾವುದು ಹಿತ, ಯಾವುದು ಅಹಿತ ಎಂದು ತಿಳಿದಿರಬೇಕು. ಲಾಭಕ್ಕಾಗಿ ಅಲ್ಲ, ಮೆತ್ತೆಯಿಂದ ಮಾಡಬೇಕು. ಮಲಮೂತ್ರಕ್ಕೆ ಅಸಹ್ಯಪಡಬಾರದು. ಒಳ್ಳೆಯ ಮಾತಿನಿಂದ ಧೈರ್ಯ ತುಂಬಬೇಕು. ಅಳಿಲು ಮರಿಗೂ ಇದು ಹೇಗೆ ಹೊಂದುತ್ತದೆ ನೋಡಿ.

▪️ ತಣ್ಣಗಿರುವ ಮರಿಗೆ ಏನೂ ಕುಡಿಸಬಾರದು. ಜೀರ್ಣವಾಗುವುದಿಲ್ಲ. ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗಿಸಬೇಕು.

▪️ ಭುಜದ ಹತ್ತಿರದ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಕೂಡಲೇ ಕೂರದೆ ಗುಡಾರದಂತೆ ನಿಂತರೆ ಮೈಯಲ್ಲಿ ನೀರಿಲ್ಲ ಎಂದರ್ಥ. ಆಗ ಹಾಲಿಗಿಂತ ಮೊದಲು ಓಆರ್‌ಎಸ್.

▪️ ಹಸುವಿನ ಹಾಲು ನಮಗೆ ಅಮೃತ, ಇದಕ್ಕೆ ಹೊಟ್ಟೆಯುಬ್ಬರ, ಭೇದಿ. ನಾಯಿಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ವಾಸಿ.

▪️ ಸೂಜಿ ತೆಗೆದ 1 ಮಿಲಿ ಸಿರಿಂಜಿನಲ್ಲಿ ಹನಿಹನಿಯಾಗಿ ಕೊಡಿ. ಬೆನ್ನ ಮೇಲೆ ಮಲಗಿಸಬೇಡಿ, ಹೊಟ್ಟೆ ಕೆಳಗಾಗಿ ತಲೆ ತುಸು ಮೇಲಿರಲಿ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಬಗ್ಗಿಸಿ ಒರೆಸಿ. ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಕೇಳಿದರೆ ಅದು ನ್ಯುಮೋನಿಯಾ ಇರಬಹುದು. ಕಾಯದೆ ಪಶುವೈದ್ಯರ ಹತ್ತಿರ ಹೋಗಿ.

▪️ ಕಣ್ಣು ಬಿಡದ ಮರಿಗೆ ತಾನಾಗಿ ಮಲಮೂತ್ರ ಮಾಡಲು ಬರುವುದಿಲ್ಲ. ತಾಯಿ ನೆಕ್ಕುವಂತೆ, ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಪ್ರತಿಸಲ ಒರೆಸಬೇಕು. ಅಸಹ್ಯಪಡಬಾರದು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

▪️ ದಿನವೂ ಒಂದೇ ಹೊತ್ತಿಗೆ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ಸಲಕ್ಕೆ ಕೊಡುವ ಹಾಲು ತೂಕದ ಶೇಕಡಾ 5ರಷ್ಟು, ಅಂದರೆ 20 ಗ್ರಾಂ ಮರಿಗೆ ಸುಮಾರು 1 ಮಿಲಿ. ತೂಕ ಏರುತ್ತಿದ್ದರೆ ಸಮಾಧಾನ. ನಿಂತರೆ ಅಥವಾ ಇಳಿದರೆ ಏನೋ ಸರಿಯಿಲ್ಲ.

ಪ್ರೀತಿ ಬಹಳ ಇದ್ದು, ನೋಡುವ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ? ಪಾಪ, ಹಸಿದಿದೆ ಎಂದು ಇನ್ನೂ ನಾಲ್ಕು ಹನಿ ಹೆಚ್ಚು ಕುಡಿಸುತ್ತೇವೆ. ಆ ನಾಲ್ಕು ಹನಿ ಶ್ವಾಸಕೋಶಕ್ಕೆ ಹೋಗುತ್ತದೆ. ಕರುಣೆಗೆ ಪಞ್ಞಾ ಬೇಕು ಎನ್ನುವುದು ಇದಕ್ಕೇ.

*ತಾಯಿ ಮತ್ತು ನಾಲ್ಕು ಮಕ್ಕಳು*

ಬುದ್ಧಘೋಷ ಥೇರರು ವಿಸುದ್ಧಿಮಗ್ಗದಲ್ಲಿ ನಾಲ್ಕು ಬ್ರಹ್ಮವಿಹಾರಗಳನ್ನು ನಾಲ್ಕು ಮಕ್ಕಳ ತಾಯಿಗೆ ಹೋಲಿಸುತ್ತಾರೆ. ಎಳೆ ಕೂಸು ಬೆಳೆಯಲಿ ಎಂದು ಬಯಸುವುದು ಮೆತ್ತಾ. ಕಾಯಿಲೆಯ ಮಗು ಗುಣವಾಗಲಿ ಎಂಬುದು ಕರುಣಾ. ಹರೆಯದ ಮಗನ ಚೆಲುವು ಹಾಗೇ ಇರಲಿ ಎಂಬುದು ಮುದಿತಾ. ತನ್ನ ಕೆಲಸ ತಾನು ನೋಡಿಕೊಳ್ಳುವ ಮಗನ ಬಗ್ಗೆ ಚಿಂತೆಯಿಲ್ಲದಿರುವುದು ಉಪೇಕ್ಖಾ.

ಅಳಿಲು ಮರಿಯನ್ನು ಸಾಕುವವರು ಈ ನಾಲ್ಕನ್ನೂ ಕೆಲವೇ ವಾರಗಳಲ್ಲಿ ದಾಟಬೇಕಾಗುತ್ತದೆ. ಮರಿ ಕಣ್ಣು ಬಿಡುತ್ತದೆ, ಹಣ್ಣು ಕಾಳು ಕಚ್ಚುತ್ತದೆ, ಪರದೆ ಹತ್ತುತ್ತದೆ. ಸುಮಾರು 10 ವಾರಕ್ಕೆ ಹಾಲು ಬಿಡುತ್ತದೆ. ಆಗ ಬರುವುದೇ ಕಷ್ಟದ ಪರೀಕ್ಷೆ. ಹೆಗಲ ಮೇಲೆ ಕೂರುತ್ತದೆ, ಹೆಸರಿಟ್ಟಿರುತ್ತೇವೆ, ಮಕ್ಕಳು "ಇಲ್ಲೇ ಇರಲಿ" ಅನ್ನುತ್ತಾರೆ. ಮೆತ್ತೆಯ ಹತ್ತಿರದ ಶತ್ರು ರಾಗ ಎಂದು ಹೇಳುವುದು ಇದನ್ನೇ. ಮೆತ್ತೆಯ ವೇಷದಲ್ಲೇ ಬರುವುದರಿಂದ ಗುರುತು ಸಿಗುವುದಿಲ್ಲ. ಗುರುತಿಸಲು ಒಂದೇ ಪ್ರಶ್ನೆ ಸಾಕು: ಇದು ಯಾರ ಹಿತಕ್ಕೆ? ನಾಯಿ ಬೆಕ್ಕಿಗೆ ಹೆದರದಂತೆ ಬೆಳೆದ ಅಳಿಲು ಮರದ ಕೆಳಗೆ ಒಂದು ದಿನವೂ ಬಾಳುವುದು ಕಷ್ಟ.

ಬಿಡುವುದೆಂದರೆ ಬಿಸಾಡುವುದಲ್ಲ. ಉದಾಸೀನ ಉಪೇಕ್ಖೆಯ ಹತ್ತಿರದ ಶತ್ರು. ಮರದ ಹತ್ತಿರ ಪಂಜರವಿಟ್ಟು, ಹೊರಗಿನ ಸದ್ದು ವಾಸನೆಗೆ ಒಗ್ಗಿಸಿ, ಆಮೇಲೆ ಬಾಗಿಲು ತೆರೆದು, ಕೆಲವು ದಿನ ಅಲ್ಲೇ ಆಹಾರವಿಡಬೇಕು. ವನ್ಯಜೀವಿ ರಕ್ಷಣಾ ಕೇಂದ್ರ ಹತ್ತಿರವಿದ್ದರೆ ಮೊದಲ ದಿನವೇ ಅವರಿಗೆ ಒಪ್ಪಿಸುವುದು ಎಲ್ಲಕ್ಕಿಂತ ಒಳ್ಳೆಯದು. ನಾನೇ ಉಳಿಸಬೇಕು ಎಂಬ ಹಟದಲ್ಲೂ "ನಾನು" ಇದೆ.

ಇನ್ನು ಹೋದ ಮರಿ. ನಾಲ್ಕು ದಿನ ಅದು ಬೆಚ್ಚಗಿತ್ತು, ಹಸಿದಿರಲಿಲ್ಲ, ಒಂಟಿಯಾಗಿರಲಿಲ್ಲ. ಅದಕ್ಕೆ ಅಷ್ಟು ದೊರೆತದ್ದು ನಿಜ, ಸಾವು ಅದನ್ನು ಅಳಿಸಲಾರದು.

*ಇಂದಿನ ಅಭ್ಯಾಸ:* ನಿಮ್ಮ ಆರೈಕೆಯಲ್ಲಿರುವ ಒಂದು ಜೀವವನ್ನು ನೆನೆಯಿರಿ. ಮಗು, ಹಿರಿಯರು, ಗಿಡ, ಯಾವುದಾದರೂ ಸರಿ. ಏನು ಕೊಡಲಿ ಎನ್ನುವುದಕ್ಕಿಂತ ಮೊದಲು, ಇವತ್ತು ಅದು ಹೇಗಿದೆ ಎಂದು 5 ನಿಮಿಷ ಸುಮ್ಮನೆ ನೋಡಿ.

ಸಕಲ ಜೀವಿಗಳಿಗೂ ಮಂಗಳವಾಗಲಿ.
ಸಾಧು ಸಾಧು ಸಾಧು 🙏🌳