ಧೂಳಿನಾಚೆಯ ಬೆಳಕು

ಅಮ್ಮಿ ತೀರಿಕೊಂಡ ದಿನ ಭಾಯಿಜಾನ್ ಅಳಲಿಲ್ಲ. ಜನಾಜಾ ಹೊರಟಾಗಲೂ, ಖಬರಸ್ತಾನದಲ್ಲಿ ಮಣ್ಣು ಹಾಕುವಾಗಲೂ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಕಲ್ಲುಹೃದಯ ಎಂದುಕೊಂಡೆ. ಆ ತೀರ್ಪನ್ನು ಹಲವು ವರ್ಷ ನನ್ನೊಳಗೆ ಸಾಕಿಕೊಂಡೆ. ಕಾಣದ್ದನ್ನು ಇಲ್ಲವೆನ್ನುವ ಹಕ್ಕು ನಮಗಿದೆಯೇ? ಇತ್ತೀಚೆಗೆ ಖಗೋಳ ವಿಜ್ಞಾನದ ಕೆಲವು ಬರಹಗಳನ್ನು ಓದುವಾಗ ಈ ಪ್ರಶ್ನೆ ಮತ್ತೆ ನನ್ನನ್ನು ಕಾಡಿತು.

ದೊಡ್ಡ ಗೆಲಾಕ್ಸಿಗಳ ನಡುಮಧ್ಯದಲ್ಲಿ ಬೃಹತ್ ಕಪ್ಪುಕುಳಿಗಳಿವೆ. ಅವುಗಳ ತೂಕ ಸೂರ್ಯನ ಲಕ್ಷಾಂತರ ಪಟ್ಟು, ಕೆಲವೆಡೆ ನೂರಾರು ಕೋಟಿ ಪಟ್ಟು. ಕಪ್ಪುಕುಳಿ ತಾನಾಗಿ ಬೆಳಗುವುದಿಲ್ಲ. ಅದರೊಳಗೆ ಬೀಳಲಿರುವ ಅನಿಲ ಕಾದು ಪ್ರಜ್ವಲಿಸುತ್ತದೆ. ಆದರೆ ಅನೇಕ ಕಡೆ ಅದರ ಸುತ್ತ ಧೂಳು, ಅನಿಲಗಳ ದಟ್ಟ ಪರದೆ. ಸಾಮಾನ್ಯ ಬೆಳಕು ಅಲ್ಲಿಯೇ ಸತ್ತುಹೋಗುತ್ತದೆ. ಪ್ರಬಲವಾದ ಎಕ್ಸ್‌ರೇ ಆ ಪರದೆಯನ್ನು ಹಾಯ್ದು ಬರಬಲ್ಲದು.

1962ರಲ್ಲಿ ರಿಕಾರ್ಡೊ ಜಕೋನಿಯವರ ತಂಡ ಹಾರಿಸಿದ ರಾಕೆಟ್ಟಿಗೆ ಇಡೀ ಆಕಾಶದಿಂದ ಬರುವ ಮಂದವಾದ ಎಕ್ಸ್‌ರೇ ಹೊಳಪು ಸಿಕ್ಕಿತು. ಅದು ಎಲ್ಲಿಂದ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಲಾಹೋರಿನಲ್ಲಿ ಹುಟ್ಟಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತು 1999ರಲ್ಲಿ ಬಾನಿಗೇರಿದ ಚಂದ್ರ ದೂರದರ್ಶಕ ಆ ಹೊಳಪಿನ ಬಹುಪಾಲನ್ನು ಬಿಡಿಬಿಡಿ ಚುಕ್ಕೆಗಳಾಗಿ ತೋರಿಸಿತು. ಹೆಚ್ಚಿನವು ದೂರದ ಕಪ್ಪುಕುಳಿಗಳ ಸುತ್ತಣ ಬೆಳಕು. ಆದರೂ ಹೆಚ್ಚು ಶಕ್ತಿಯ ಎಕ್ಸ್‌ರೇಗಳ ಲೆಕ್ಕ, ಪರದೆಯಿಲ್ಲದ ಕಪ್ಪುಕುಳಿಗಳಿಂದಷ್ಟೇ ಸರಿಹೊಂದಲಿಲ್ಲ. ಮುಚ್ಚಿಕೊಂಡವು ಬಹಳ ಇರಲೇಬೇಕಿತ್ತು.

ಎನ್‌ಜಿಸಿ 1068 ಎಂಬ ಗೆಲಾಕ್ಸಿಯ ಕಥೆ ಇನ್ನೂ ಸೋಜಿಗ. ಅದನ್ನು ಬೇರೆಯೇ ಜಾತಿಯದೆಂದು ವಿಂಗಡಿಸಿದ್ದರು. 1985ರಲ್ಲಿ ಆಂಟೊನುಚ್ಚಿ ಮತ್ತು ಮಿಲ್ಲರ್, ಅಕ್ಕಪಕ್ಕದ ಅನಿಲದ ಮೇಲೆ ಬಿದ್ದು ಚದುರಿ ಬಂದ ಬೆಳಕನ್ನು ಪರೀಕ್ಷಿಸಿದರು. ಪರದೆಯ ಹಿಂದೆ ಇದ್ದದ್ದು ಇನ್ನೊಂದು ಜಾತಿಯೆಂದು ಕರೆದಿದ್ದಂಥದ್ದೇ! ವ್ಯತ್ಯಾಸದ ಬಹುಪಾಲು ನಾವು ನೋಡುವ ದಿಕ್ಕಿನದಾಗಿತ್ತು. 2014ರ ಆಗಸ್ಟಿನಲ್ಲಿ ನುಸ್ಟಾರ್ ದೂರದರ್ಶಕಕ್ಕೆ ಅದೇ ಗೆಲಾಕ್ಸಿಯಿಂದ ಪ್ರಬಲ ಎಕ್ಸ್‌ರೇ ಹೆಚ್ಚಾಗಿ ಬಂತು. ಮೋಡ ಸ್ವಲ್ಪ ಸರಿದಿತ್ತು ಎಂದು ವಿಜ್ಞಾನಿಗಳು ಅರ್ಥೈಸಿದರು. ಕೆಲವು ತಿಂಗಳಲ್ಲಿ ಅದು ಮತ್ತೆ ತಗ್ಗಿತು.

ಭಾಯಿಜಾನರ ವಿಷಯದಲ್ಲೂ ನನಗೆ ಸಿಕ್ಕಿದ್ದು ಹೀಗೆ ಚದುರಿ ಬಂದ ಬೆಳಕೇ. ಗೋರಿ ತೋಡುವ ಮುದುಕ ಒಮ್ಮೆ ಸಹಜವಾಗಿ ಹೇಳಿದ: "ನಿಮ್ಮ ಅಣ್ಣಾವ್ರು ಗುರುವಾರ ಸಂಜೆ ತಪ್ಪದೆ ಬರ್ತಾರೆ, ಸಾಬ್. ಮಳೆ ಬಂದ್ರೂ ಅಮ್ಮಾವ್ರ ಹತ್ರ ಅರ್ಧ ಗಂಟೆ ಕೂತು ಹೋಗ್ತಾರೆ."

ಹಾಗೆಂದು, ಕಾಣದ ಕಡೆಯಲ್ಲೆಲ್ಲ ಒಳ್ಳೆಯದೇ ಅಡಗಿದೆ ಎಂದು ನಂಬಬೇಕೇ? ಬೇಡ. ಮುಖದ ಹಿಂದೆ ಕ್ರೌರ್ಯವೂ ಅಡಗಿರುತ್ತದೆ. ವಿಜ್ಞಾನಿ ಕರುಣೆಯಿಂದ "ಇದೆ" ಎನ್ನುವುದಿಲ್ಲ. ಬಂದು ತಲುಪಿದ್ದನ್ನು ತೂಗಿ ಹೇಳುತ್ತಾನೆ. ಆದರೆ ತಲುಪಲಿಲ್ಲವೆಂಬ ಒಂದೇ ಕಾರಣಕ್ಕೆ "ಇಲ್ಲ" ಎನ್ನುವುದೂ ಇಲ್ಲ. ಈ ಎರಡನೆಯ ಎಚ್ಚರವನ್ನೇ ನಾವು ಮನುಷ್ಯರ ವಿಷಯದಲ್ಲಿ ಮರೆಯುತ್ತೇವೆ. ಮನೆಯವರನ್ನೂ, ಬೇರೆ ಬೀದಿಯವರನ್ನೂ ಒಂದೇ ಕೋನದಿಂದ ನೋಡಿ ಹೆಸರಿಟ್ಟುಬಿಡುತ್ತೇವೆ.

ವಿಜ್ಞಾನಿಗಳು ಇನ್ನೊಂದನ್ನೂ ಮಾಡುತ್ತಾರೆ. ಯಾವ ಶಕ್ತಿಯ ಎಕ್ಸ್‌ರೇ ದಾಟಿ ಬಂತು, ಯಾವುದು ಬರಲಿಲ್ಲ ಎಂಬುದರಿಂದ ಪರದೆಯ ದಪ್ಪವನ್ನು ಅಳೆಯುತ್ತಾರೆ. ನಾನು ಆ ಅಳತೆಗೆ ಹೋಗಿರಲೇ ಇಲ್ಲ. ಅಬ್ಬಾ ಸತ್ತಾಗ ಭಾಯಿಜಾನರಿಗೆ ಹದಿನೇಳು. ಅಂದು ಹಿರಿಯರೆಲ್ಲ ಅವರ ಭುಜ ತಟ್ಟಿ, "ನೀನೇ ಅತ್ತರೆ ಇವರನ್ನು ಯಾರು ನೋಡುತ್ತಾರೆ?" ಎಂದಿದ್ದರು. "ಇವರು" ಎಂದರೆ ನಾವು, ಚಿಕ್ಕವರು. ಅವರ ಅನ್ನವನ್ನು ಉಂಡು ನಾನು ಓದಿದೆ, ಕಥೆಗಾರನಾದೆ, ಕೊನೆಗೆ ಅವರಿಗೇ ಕಲ್ಲುಹೃದಯ ಎಂದು ಹೆಸರಿಟ್ಟೆ. ಆ ಪರದೆ ಅವರೇ ಹೊದ್ದದ್ದಲ್ಲ, ನಾವು ಹೊದಿಸಿದ್ದು.

ಕಳೆದ ಗುರುವಾರ ನಾನೂ ಹೋದೆ. ನನ್ನನ್ನು ಕಂಡು ಭಾಯಿಜಾನ್ ಏನೂ ಕೇಳಲಿಲ್ಲ. ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅವರ ಮುಖದಲ್ಲಿ ಅಂದೂ ಏನೂ ಕಾಣಲಿಲ್ಲ. ನಾನು ಸುಮ್ಮನೆ ಕೂತೆ.