ಇಂದಿನ ಧಮ್ಮ ಚಿಂತನೆ: ಐದನೆಯ ಶೀಲ ಮತ್ತು ಗಾಡಿಯ ಕೀ





ಪ್ರತಿ ವಂದನೆಯಲ್ಲೂ ನಾವು ಪಂಚಶೀಲ ಹೇಳುತ್ತೇವೆ. ಐದನೆಯ ಶೀಲದ ಅರ್ಥವನ್ನು ಸಾಮಾನ್ಯವಾಗಿ ಮನೆಯೊಳಗೇ ಹುಡುಕುತ್ತೇವೆ. ಕುಡಿತದಿಂದ ಕೂಲಿ ಹಣ ಹೋಗುತ್ತದೆ, ಹೆಂಡತಿ ಮಕ್ಕಳು ಉಪವಾಸ ಬೀಳುತ್ತಾರೆ, ಲಿವರ್ ಕೆಡುತ್ತದೆ. ಇದೆಲ್ಲ ನಿಜ. ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗೃಹಸ್ಥನಿಗೆ ಕುಡಿತದ ಆರು ಕೇಡುಗಳನ್ನು ಎಣಿಸಿ ಹೇಳುತ್ತಾರೆ. ಮೊದಲನೆಯದು ಹಣದ ನಷ್ಟ. ಕೊನೆಯದು ಬುದ್ಧಿ ಮಂಕಾಗುವುದು. ಆ ಕೊನೆಯ ಕೇಡನ್ನು ಇಂದು ಮನೆಯಿಂದ ಹೊರಗೆ ತಂದು ರಸ್ತೆಯ ಮೇಲೆ ಇಟ್ಟು ನೋಡೋಣ.

ಒಬ್ಬ ಸಂಜೆ ಬೈಕಿನಲ್ಲಿ ಬಾರಿಗೆ ಹೋಗುತ್ತಾನೆ ಎಂದುಕೊಳ್ಳಿ. ರಾತ್ರಿ ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ಗುದ್ದುತ್ತಾನೆ. ಒಂದು ಜೀವ ಹೋಗುತ್ತದೆ. ಮರುದಿನ ಎರಡು ಮಾತು ಕೇಳಿಬರುತ್ತವೆ. ಗುದ್ದಿದವನ ಕಡೆಯವರು, "ಅವನೇನು ಬೇಕು ಅಂತ ಮಾಡಿದ್ನಾ? ನಿಶೆಯಲ್ಲಿದ್ದ, ಗೊತ್ತಾಗಲಿಲ್ಲ" ಎನ್ನುತ್ತಾರೆ. ಸಾವಿನ ಮನೆಗೆ ಬಂದವರು, "ಹಣೆಬರಹ ಕಣವ್ವ, ಅವನ ಆಯಸ್ಸು ಅಷ್ಟೇ ಇತ್ತು" ಎನ್ನುತ್ತಾರೆ. ಒಂದು ಮಾತು ತಪ್ಪನ್ನು ಹೆಂಡದ ಮೇಲೆ ಹಾಕುತ್ತದೆ, ಇನ್ನೊಂದು ವಿಧಿಯ ಮೇಲೆ. ಮನುಷ್ಯರು ಯಾರೂ ಹೊಣೆಯಲ್ಲ ಎಂದಾಯಿತು. ಧಮ್ಮದ ದೃಷ್ಟಿಯಲ್ಲಿ ಇದು ಸರಿಯೇ?

ಮೊದಲು ಹಣೆಬರಹದ ಮಾತು. ಇದು ನಮಗೆ ಹೊಸದಲ್ಲ. ನೀನು ಈ ಜಾತಿಯಲ್ಲಿ ಹುಟ್ಟಿದ್ದು ನಿನ್ನ ಹಿಂದಿನ ಜನ್ಮದ ಕರ್ಮ ಎಂದು ನಮ್ಮ ತಾತ ಮುತ್ತಾತಂದಿರಿಗೆ ಹೇಳಿದ್ದೂ ಇದೇ ಭಾಷೆಯಲ್ಲಿ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಈ ನಂಬಿಕೆಯನ್ನು ಬಿಚ್ಚಿ ಪರೀಕ್ಷಿಸಿದರು. ಇಂದಿನ ದುಃಖಕ್ಕೆ ಹಿಂದಿನ ಜನ್ಮವನ್ನು ಕಾರಣವಾಗಿ ತೋರಿಸುವುದು ಅನ್ಯಾಯ ಮಾಡಿದವರನ್ನು ಬಿಡಿಸಿಕೊಳ್ಳುವ ದಾರಿ ಎಂಬುದನ್ನು ನಮಗೆ ಕಾಣಿಸಿಕೊಟ್ಟರು. ಜಾತಿಯ ವಿಷಯದಲ್ಲಿ ಒಪ್ಪದ ಮಾತನ್ನು ಅಪಘಾತದ ವಿಷಯದಲ್ಲಿ ಏಕೆ ಒಪ್ಪಬೇಕು?

ಬುದ್ಧರು ಕಲಿಸಿದ್ದು ಕಾರಣ ಕಾರ್ಯಗಳ ಸಂಬಂಧವನ್ನು. ಇದು ಇದ್ದರೆ ಅದು ಆಗುತ್ತದೆ, ಇದು ಇಲ್ಲದಿದ್ದರೆ ಅದೂ ಇಲ್ಲ. ಆ ರಾತ್ರಿಯ ಸಾವಿಗೆ ಬಾಟಲಿ ಒಂದು ಕಾರಣ, ಜೇಬಿನಲ್ಲಿದ್ದ ಕೀ ಒಂದು ಕಾರಣ, ಜೊತೆಗಿದ್ದವರ ಮೌನ ಒಂದು ಕಾರಣ, ಬೀದಿ ದೀಪ ಇಲ್ಲದ ರಸ್ತೆ ಇನ್ನೊಂದು. ಇವುಗಳಲ್ಲಿ ಒಂದನ್ನು ತೆಗೆದಿದ್ದರೂ ಆ ಮನುಷ್ಯ ಬಹುಶಃ ಮನೆ ಸೇರುತ್ತಿದ್ದ. ಮಗನನ್ನು ಕಳೆದುಕೊಂಡ ತಾಯಿಗೆ "ಆಯಸ್ಸು ಅಷ್ಟೇ ಇತ್ತು" ಎನ್ನುವವರು ಸಮಾಧಾನ ಹೇಳುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಆದರೆ ಆ ಮಾತು ಈ ಕಾರಣಗಳನ್ನೆಲ್ಲ ಮುಚ್ಚಿಹಾಕುತ್ತದೆ, ಮುಂದಿನ ಸಾವಿಗೂ ದಾರಿ ಬಿಡುತ್ತದೆ.

ಎರಡನೆಯ ಮಾತು ಇನ್ನೂ ಕಷ್ಟದ್ದು. ಧಮ್ಮದಲ್ಲಿ ಕಮ್ಮವನ್ನು ಅಳೆಯುವುದು ಚೇತನಾದಿಂದ, ಅಂದರೆ ಮನಸ್ಸಿನ ಸಂಕಲ್ಪದಿಂದ. ಗೊತ್ತಿಲ್ಲದೆ ಇರುವೆ ತುಳಿದವನೂ ಬೇಕೆಂದೇ ತುಳಿದವನೂ ಒಂದೇ ಅಲ್ಲ. ಹಾಗಾದರೆ ಕುಡಿದವನಿಗೆ ಕೊಲ್ಲುವ ಸಂಕಲ್ಪ ಇರಲಿಲ್ಲವಲ್ಲ, ಅವನು ನಿರ್ದೋಷಿಯೇ ಎಂದು ಯಾರಾದರೂ ಕೇಳಬಹುದು. ಪ್ರಾಮಾಣಿಕ ಪ್ರಶ್ನೆ. ಉತ್ತರ ಸಿಗಬೇಕಾದರೆ ಸಂಕಲ್ಪವನ್ನು ಎಲ್ಲಿ ಹುಡುಕುತ್ತೇವೆ ಎಂಬುದನ್ನು ನೋಡಬೇಕು. ಗುದ್ದಿದ ಕ್ಷಣದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಅಲ್ಲಿ ಬರೀ ಮಂಪರು. ಸಂಜೆ ಏಳು ಗಂಟೆಯಲ್ಲಿ ಹುಡುಕಿ. ಬೈಕನ್ನು ಬಾರಿನ ಮುಂದೆ ನಿಲ್ಲಿಸಿದಾಗ, ಕೀಯನ್ನು ಜೇಬಿಗೆ ಹಾಕಿಕೊಂಡಾಗ, ಇದೇ ಬೈಕಿನಲ್ಲಿ ತಿರುಗಿ ಹೋಗಬೇಕು ಎಂದು ತಿಳಿದೂ ಮೊದಲ ಗ್ಲಾಸು ಎತ್ತಿದಾಗ ಅವನ ಮನಸ್ಸು ಸ್ವಚ್ಛವಾಗಿತ್ತು. ಆಯ್ಕೆ ನಡೆದದ್ದು ಆಗ.

ಐದನೆಯ ಶೀಲದ ಪಾಲಿ ಮಾತಿನಲ್ಲಿ ಸುರೆ, ಮೇರಯ, ಮಜ್ಜ ಎಂದು ಮದ್ಯದ ಬಗೆಗಳನ್ನು ಹೇಳಿ ಅಲ್ಲಿಗೇ ನಿಲ್ಲಿಸಿಲ್ಲ. 'ಪಮಾದಟ್ಠಾನ' ಎಂಬ ಪದವೂ ಇದೆ. ಪಮಾದ ಎಂದರೆ ಎಚ್ಚರ ತಪ್ಪುವುದು, ಠಾನ ಎಂದರೆ ನೆಲೆ. ಎಚ್ಚರಗೇಡಿತನಕ್ಕೆ ನೆಲೆಯಾಗುವುದರಿಂದ ದೂರ ಇರುತ್ತೇನೆ ಎಂಬುದು ಈ ಶೀಲ. ಎಚ್ಚರ ತಪ್ಪಿದ ಮೇಲೆ ಉಳಿದ ನಾಲ್ಕು ಶೀಲಗಳನ್ನು ಕಾಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಐದನೆಯದನ್ನು ಮುರಿದು ಗಾಡಿ ಹತ್ತಿದವನು ಮೊದಲನೆಯ ಶೀಲವನ್ನೂ, ಅಂದರೆ ಜೀವ ತೆಗೆಯದಿರುವ ಶೀಲವನ್ನೂ, ಆಗಲೇ ಅಪಾಯಕ್ಕೆ ಒಡ್ಡಿದ್ದಾನೆ.

ನಮ್ಮ ನ್ಯಾಯಾಲಯಗಳೂ ಈ ಪ್ರಶ್ನೆಯನ್ನು ಎದುರಿಸಿವೆ. 2006ರ ನವೆಂಬರಿನಲ್ಲಿ ಮುಂಬೈನ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಕೂಲಿಕಾರರು ಮಲಗಿದ್ದರು. ಕುಡಿದಿದ್ದ ಯುವಕನೊಬ್ಬ ಓಡಿಸುತ್ತಿದ್ದ ಕಾರು ಅವರ ಮೇಲೆ ಹರಿಯಿತು. 7 ಜನ ಸತ್ತರು. ವಿಚಾರಣಾ ನ್ಯಾಯಾಲಯ ಇದನ್ನು ಅಜಾಗರೂಕತೆಯ ಸಾವು ಎಂದು ಕಂಡಿತು. ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೂ 3 ವರ್ಷದ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಕೊಲ್ಲುವ ಉದ್ದೇಶ ಇಲ್ಲದಿರಬಹುದು, ಆದರೆ ಹೀಗೆ ಓಡಿಸಿದರೆ ಜೀವ ಹೋಗಬಹುದು ಎಂಬ ಅರಿವು ಇತ್ತು ಎಂಬುದು ಅದರ ಸಾರ. ಉದ್ದೇಶ ಬೇರೆ, ಅರಿವು ಬೇರೆ. ಅರಿವಿದ್ದೂ ಮುಂದುವರಿದವನು ಗೊತ್ತಿಲ್ಲದೆ ಇರುವೆ ತುಳಿದವನ ಸಾಲಿಗೆ ಸೇರುವುದಿಲ್ಲ.

ಇಲ್ಲಿ ಒಂದು ಮಾತು. ಕುಡುಕರು ಎಂಬ ಹಣೆಪಟ್ಟಿಯನ್ನು ನಮ್ಮ ಕೇರಿಗಳಿಗೆ ಅಂಟಿಸುವವರು ಬಹಳ ಜನ ಇದ್ದಾರೆ. ಬಾಂದ್ರಾದ ಪ್ರಕರಣವನ್ನು ನೋಡಿ. ಕುಡಿದವನು ಕಾರಿನಲ್ಲಿದ್ದ, ಸತ್ತವರು ನೆಲದ ಮೇಲೆ ಮಲಗಿದ್ದ ಕೂಲಿಯವರು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ಬೈಕು ಸ್ಕೂಟರಿನಲ್ಲಿದ್ದವರು, 19ಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಇವೆಲ್ಲ ಕುಡಿತದಿಂದ ಆದ ಸಾವುಗಳಲ್ಲ. ಆದರೆ ಯಾರೇ ಎಚ್ಚರ ತಪ್ಪಿದರೂ ಪೆಟ್ಟು ಬೀಳುವುದು ಹೆಚ್ಚಾಗಿ ಯಾರಿಗೆ ಎಂಬುದು ಇದರಿಂದ ಗೊತ್ತಾಗುತ್ತದೆ. ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವ ಪೌರಕಾರ್ಮಿಕರು, ಗಾರೆ ಕೆಲಸ ಮುಗಿಸಿ ಕತ್ತಲಲ್ಲಿ ಬರುವವರು ನಮ್ಮವರೇ. ಈ ವಿಷಯ ಮಾತಾಡಿದರೆ ನಮಗೆ ಅವಮಾನ ಎಂದು ಸುಮ್ಮನಿದ್ದರೆ ನಷ್ಟ ನಮಗೇ.

"ನಂಗೇನೂ ಆಗಲ್ಲ, ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ" ಎನ್ನುವವರಿಗೆ ವಿನಯ ಪಿಟಕದಲ್ಲಿ ಬರುವ ಸಾಗತ ಥೇರರ ಪ್ರಸಂಗವನ್ನು ಹೇಳಬೇಕು. ಅವರು ಒಂದು ಭಯಂಕರ ನಾಗನನ್ನು ಪಳಗಿಸಿದವರು. ಕೀರ್ತಿ ಹಬ್ಬಿತು. ಕೋಸಂಬಿಯ ಉಪಾಸಕರು ಸಂತೋಷದಿಂದ ಮನೆಮನೆಯಲ್ಲೂ ಅವರಿಗೆ ಮದ್ಯ ಕೊಟ್ಟರು. ಥೇರರು ಊರ ಬಾಗಿಲಲ್ಲಿ ಬಿದ್ದರು. ಭಿಕ್ಖುಗಳು ಹೊತ್ತು ತಂದು ಬುದ್ಧರ ಕಡೆ ತಲೆ ಮಾಡಿ ಮಲಗಿಸಿದರೆ, ಹೊರಳಿ ಅವರ ಕಡೆಗೇ ಕಾಲು ಚಾಚಿದರು. ಈಗ ಇವರಿಗೆ ಒಂದು ನೀರುಹಾವನ್ನಾದರೂ ಹಿಡಿಯಲು ಆಗುತ್ತದೆಯೇ ಎಂದು ಬುದ್ಧರು ಕೇಳಿದರು. ಆಗುವುದಿಲ್ಲ ಎಂದರು ಭಿಕ್ಖುಗಳು. ಬುದ್ಧರು ಸಾಗತರ ಉದ್ದೇಶ ಏನಿತ್ತು ಎಂದು ಕೇಳಲಿಲ್ಲ, ಈಗ ಏನು ಸಾಧ್ಯ ಎಂದು ಕೇಳಿದರು. ಇಪ್ಪತ್ತು ವರ್ಷದ ಡ್ರೈವಿಂಗೂ ಹೀಗೆಯೇ. ಕೈಗೆ ಬಂದಿದ್ದ ವಿದ್ಯೆ ಎಚ್ಚರದ ಜೊತೆಗೇ ಹೋಗುತ್ತದೆ.

ಈ ಪ್ರಸಂಗದಲ್ಲಿ ನಾವು ಗಮನಿಸದೆ ಬಿಡುವ ಇನ್ನೊಂದು ವಿಷಯ ಇದೆ. ಮದ್ಯ ಕೊಟ್ಟವರು ಶತ್ರುಗಳಲ್ಲ, ಪ್ರೀತಿಸುವ ಜನ. ನಮ್ಮಲ್ಲೂ ಕುಡಿಸುವವರು ಪ್ರೀತಿಸುವವರೇ. ಮದುವೆಯ ಹಿಂದಿನ ರಾತ್ರಿ, ಹೊಸ ಗಾಡಿ ತಂದ ದಿನ, ಕೊನೆಗೆ ಏಪ್ರಿಲ್ 14ರ ಮೆರವಣಿಗೆಯಲ್ಲೂ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 17ನೆಯದು ಮದ್ಯ ಸೇವಿಸುವುದಿಲ್ಲ ಎಂಬುದು. ಅವರ ಫೋಟೊ ಕಟ್ಟಿದ ಟೆಂಪೊವನ್ನು ಕುಡಿದವನ ಕೈಗೆ ಕೊಟ್ಟು, ಹಿಂದೆ ಇಪ್ಪತ್ತು ಹುಡುಗರನ್ನು ನಿಲ್ಲಿಸುವ ಸಮಿತಿ ಆ ದಿನ ಯಾರ ಜಯಂತಿ ಮಾಡುತ್ತಿದೆ? ಜೊತೆಗೆ ಕುಳಿತು ಗ್ಲಾಸು ತುಂಬಿದವರು, ಎದ್ದು ಹೋಗುವಾಗ "ಹುಷಾರಾಗಿ ಹೋಗಪ್ಪ" ಎಂದಷ್ಟೇ ಹೇಳಿ ಬಿಟ್ಟವರು, ಇವರಿಗೂ ಕಾರಣಗಳ ಸರಪಳಿಯಲ್ಲಿ ಪಾಲಿದೆ.

ಸರ್ಕಾರಕ್ಕೂ ಪಾಲಿದೆ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಮದ್ಯದ ವ್ಯಾಪಾರವನ್ನೂ ಬುದ್ಧರು ಸೇರಿಸಿದ್ದಾರೆ. ಸಂವಿಧಾನದ 47ನೇ ವಿಧಿ ಪಾನನಿಷೇಧದ ಕಡೆ ಪ್ರಯತ್ನಿಸಿ ಎಂದು ಸರ್ಕಾರಗಳಿಗೆ ಹೇಳುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಆದರೆ ಮದ್ಯದ ಆದಾಯ ಖಜಾನೆಗೆ ಬೇಕೇ ಬೇಕು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅಂಗಡಿ ಉಳಿಸಲು ಹೆದ್ದಾರಿಗಳ ದರ್ಜೆಯನ್ನೇ ಬದಲಿಸಲು ಹೊರಟ ರಾಜ್ಯಗಳಿದ್ದವು. ಇದನ್ನು ಪ್ರಶ್ನಿಸುವುದೂ ಶೀಲದ ಕೆಲಸ.

ಹಾಗಾದರೆ ಕುಡಿದು ಓಡಿಸಿದವನನ್ನು ದ್ವೇಷಿಸಬೇಕೇ? 1980ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕುಡಿದವನ ಕಾರು ಗುದ್ದಿ 13 ವರ್ಷದ ಬಾಲಕಿ ಸತ್ತಳು. ಆಕೆಯ ತಾಯಿ ಕ್ಯಾಂಡೇಸ್ ಲೈಟ್ನರ್ ಕಟ್ಟಿದ ಸಂಘಟನೆಯ ಹೆಸರು ಮೊದಲು 'ಕುಡಿದು ಓಡಿಸುವವರ ವಿರುದ್ಧ ತಾಯಂದಿರು' ಎಂದಿತ್ತು. 1984ರಲ್ಲಿ 'ಕುಡಿದು ಓಡಿಸುವುದರ ವಿರುದ್ಧ ತಾಯಂದಿರು' ಎಂದಾಯಿತು. ವ್ಯಕ್ತಿಯ ಜಾಗಕ್ಕೆ ಕೃತ್ಯ ಬಂತು. ಅಂಗುಲಿಮಾಲನನ್ನು ಬುದ್ಧರು ಕಂಡದ್ದೂ ಹೀಗೆಯೇ. ಮನುಷ್ಯನನ್ನು ಎಸೆಯಲಿಲ್ಲ, ಕೃತ್ಯವನ್ನು ಸಣ್ಣದೂ ಮಾಡಲಿಲ್ಲ. ಭಿಕ್ಖುವಾದ ಮೇಲೂ ಅಂಗುಲಿಮಾಲ ಜನರು ಎಸೆದ ಕಲ್ಲುಗಳನ್ನು ಸಹಿಸಬೇಕಾಯಿತು.

ಸತ್ತವರನ್ನು ನೆನೆಯುವುದು ಹೇಗೆ? ನವೆಂಬರಿನ ಮೂರನೇ ಭಾನುವಾರ ರಸ್ತೆ ಅಪಘಾತಗಳಲ್ಲಿ ಮಡಿದವರ ಸ್ಮರಣೆಯ ದಿನ. 1993ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ಆಚರಣೆಯನ್ನು 2005ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡಿತು. ಅಂದು ನಮ್ಮ ವಿಹಾರಗಳಲ್ಲಿ ಆಯಾ ಊರಿನಲ್ಲಿ ರಸ್ತೆಯಲ್ಲಿ ಜೀವ ಕಳೆದುಕೊಂಡವರ ಹೆಸರುಗಳನ್ನು, ಮನೆಯವರ ಒಪ್ಪಿಗೆ ಪಡೆದು, ಒಂದೊಂದಾಗಿ ಓದಿ ಮೇಣದ ಬತ್ತಿ ಹಚ್ಚಬಹುದು. ಪುಣ್ಯಾನುಮೋದನೆ ಎಂದರೆ ಅವರ ಹೆಸರಿನಲ್ಲಿ ಒಳ್ಳೆಯ ಕೆಲಸ ಮಾಡಿ ಅದರಲ್ಲಿ ಪಾಲ್ಗೊಳ್ಳುವುದು. ಆ ಕೆಲಸ ಇದೇ ಆಗಲಿ:

1. ಜಯಂತಿಗೆ, ಮದುವೆಗೆ, ದೀಕ್ಷಾಭೂಮಿಗೆ ಹೊರಡುವ ಪ್ರತಿ ಗಾಡಿಗೆ ಕುಡಿಯದ ಚಾಲಕನನ್ನು ಮೊದಲೇ ಗೊತ್ತು ಮಾಡಿ.

2. ಕುಡಿದವರು ಗಾಡಿ ಹತ್ತುವುದನ್ನು ಕಂಡರೆ ಕೀ ತೆಗೆದುಕೊಳ್ಳಿ. ಜಗಳ ಬೇಡ. ಮಲಗಲು ಚಾಪೆ ಕೊಡಿ, ಇಲ್ಲವೇ ಮನೆಗೆ ಬಿಟ್ಟು ಬನ್ನಿ. ಬೈದರೆ ಬೈಯಲಿ, ಬೆಳಿಗ್ಗೆ ಮಾತಾಡಬಹುದು.

3. ರಸ್ತೆಯಲ್ಲಿ ಬಿದ್ದವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಕೊಡುತ್ತದೆ.

4. ಸತ್ತವರ ಮನೆಗೆ ಹೋದಾಗ ಹಣೆಬರಹದ ಮಾತು ಬಿಡಿ. ಪರಿಹಾರದ ಅರ್ಜಿ ಬರೆಯಲು ಕುಳಿತುಕೊಳ್ಳಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸತ್ತವರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಕೊಡುವ ಸರ್ಕಾರಿ ಯೋಜನೆ ಇದೆ.

ರಕ್ತದ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಅಪರಾಧ ಎಂದು ಕಾನೂನು ಗೆರೆ ಎಳೆದಿದೆ. ಪೊಲೀಸರು ಇಲ್ಲದ ರಸ್ತೆಯಲ್ಲಿ ಆ ಗೆರೆ ಯಾರಿಗೂ ಕಾಣುವುದಿಲ್ಲ. ಅಲ್ಲಿ ಉಳಿಯುವುದು ಶೀಲ ಮತ್ತು ಪಕ್ಕದಲ್ಲಿರುವ ಗೆಳೆಯ.

ಇಂದಿನ ಮನನಕ್ಕೆ: ನನ್ನ ಬಳಗದಲ್ಲಿ ಯಾರ ಕೈಯಿಂದ ಕೀ ತೆಗೆದುಕೊಳ್ಳಲು ನಾನು ಹಿಂಜರಿಯುತ್ತೇನೆ? ಏಕೆ?

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏